ಭೂತಪ್ಪನ ಪಾಲಿನ ಸೊಪ್ಪು

ಯಮುನಕ್ಕನಿಗೆ ಶಿಕ್ಷೆ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊಪ್ಪದಲ್ಲಿ ಯಾರನ್ನು ಕೇಳಿದರೂ ಅಷ್ಟನ್ನೇ ಹೇಳುತ್ತಾರೆ. ‘ಪುಣ್ಯಾತ್ಗಿತ್ತಿ, ಗಾಂಜಾ ಕೇಸಿನಲ್ಲಿ ಸಿಕ್ಕಿಬಿದ್ದರೂ ಒಂದು ದಿನ ಜೈಲು ನೋಡಲಿಲ್ಲ’ ಅನ್ನುತ್ತಾರೆ. ನಮ್ಮ ವಕೀಲರ ಫೋಟೊ ಆ ಕಾರಣಕ್ಕೇ ಪೇಪರಿನಲ್ಲಿ ಬಂತು. ಅದನ್ನು ಕತ್ತರಿಸಿ, ಚೌಕಟ್ಟು ಹಾಕಿಸಿ, ಆಫೀಸಿನ ಗೋಡೆಗೆ ಮೊಳೆ ಹೊಡೆದವನು ನಾನೇ.

ನಾನು ಅಬ್ದುಲ್ ಸತ್ತಾರ್. ಕೊಪ್ಪದಲ್ಲಿ ರಾಜೇಶ್ ವಕೀಲರ ಗುಮಾಸ್ತ. ಕಕ್ಷಿದಾರರನ್ನು ಕೂರಿಸುವುದು, ಫೈಲು ಹೊರುವುದು, ಕೋರ್ಟಿನಲ್ಲಿ ಹೆಸರು ಕೂಗುವಾಗ ಓಡಿಹೋಗಿ ಕರೆದುಕೊಂಡು ಬರುವುದು ನನ್ನ ಕೆಲಸ. ಈ ಕೆಲಸದಲ್ಲಿ ತಲೆ ಹಣ್ಣಾಗಿದೆ. ಕಳ್ಳರನ್ನು ನೋಡಿದ್ದೇನೆ, ಕೊಂದವರಿಗೆ ಚಹ ತರಿಸಿ ಕೊಟ್ಟಿದ್ದೇನೆ. ಯಾರ ಮೇಲೂ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಈ ಒಂದು ಕೇಸಿನಲ್ಲಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಹರಿಹರಪುರದಿಂದ ಒಳಗೆ ಹೋದರೆ ನೇರಲಮಕ್ಕಿ ಅಂತ ಒಂದು ಹಳ್ಳಿ. ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಶುರುವಾದಾಗಿನಿಂದ ಯಮುನಕ್ಕನೇ ಅಡುಗೆಯವಳು. ಗಂಡ ವಾಸಪ್ಪ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮಕ್ಕಳಿಲ್ಲ. ಹಾಗಂತ ಅವಳ ಮುಂದೆ ಯಾರೂ ಅನ್ನುವ ಹಾಗಿರಲಿಲ್ಲ. ‘ಎಂತಕ್ಕಿಲ್ಲ, ಶಾಲೆ ತುಂಬ ಇದಾವಲ್ಲ’ ಅನ್ನುತ್ತಿದ್ದಳು. ಯಾವ ಮಗುವಿಗೆ ಬದನೆಕಾಯಿ ಆಗುವುದಿಲ್ಲ, ಯಾರು ಬೆಳಿಗ್ಗೆ ತಿಂಡಿ ತಿನ್ನದೆ ಬಂದಿದ್ದಾರೆ, ಯಾರಿಗೆ ಎರಡನೇ ಸಲ ಕೇಳಲು ನಾಚಿಕೆ, ಎಲ್ಲ ಅವಳಿಗೆ ಗೊತ್ತು. ನಿಶ್ಚಿತಾ ಅನ್ನುವ ಒಂದು ಹುಡುಗಿ ಸೊಪ್ಪು ಕಂಡರೆ ಮುಖ ತಿರುಗಿಸುತ್ತಿದ್ದಳು. ಅವಳಿಗೆ ಅಂತಲೇ ಯಮುನಕ್ಕ ಸೊಪ್ಪನ್ನು ಬೇಳೆಯಲ್ಲಿ ಕಾಣದ ಹಾಗೆ ಕಡೆದು ಹುಳಿ ಮಾಡುತ್ತಿದ್ದಳು. ಸರ್ಕಾರ ಕೊಡುತ್ತಿದ್ದದ್ದು ಸಂಬಳ ಅನ್ನಲು ಬಾರದ ಸಂಬಳ. ಅವಳು ಆ ಸೌಟು ಹಿಡಿದದ್ದು ಅದಕ್ಕಲ್ಲ.

ಇನ್ನು ಭೂತಪ್ಪನ ವಿಷಯ. ಅವಳ ಗಂಡನ ಮನೆಯ ಹಿಂದೆ ಒಂದು ಬನ ಇದೆ, ಬನದಲ್ಲಿ ಒಂದು ಕಲ್ಲು. ದೀಪಾವಳಿ ಕಳೆದ ಮೇಲೆ ವರ್ಷಕ್ಕೊಮ್ಮೆ ಆ ಕಲ್ಲಿಗೆ ಕೋಳಿ, ಹೆಂಡ, ಮತ್ತೆ ಒಂದು ಚಿಟಿಕೆ ಬಂಗಿ ಸೊಪ್ಪು. ಕೆಂಡದ ಮೇಲೆ ಸೊಪ್ಪು ಉದುರಿಸಿ ಹೊಗೆ ಹಾಕಬೇಕು. ಆ ಊರುಗಳಲ್ಲಿ ಸುಮಾರು ಮನೆಗಳಲ್ಲಿ ಇದು ನಡೆದುಕೊಂಡು ಬಂದದ್ದು. ನಾನು ಸಾಬರವನಾದರೂ ಸಣ್ಣವನಿದ್ದಾಗಿನಿಂದ ನೋಡಿದ್ದೇನೆ, ಕೋಳಿ ಪಾಲಿಗೂ ಕೂತಿದ್ದೇನೆ. ಬಂಗಿ ಎಂದರೂ ಗಾಂಜಾ ಎಂದರೂ ಗಿಡ ಒಂದೇ ಅನ್ನುವುದು ಅಲ್ಲಿಯವರಿಗೆ ಗೊತ್ತಿಲ್ಲ ಅಂತಲ್ಲ. ಆದರೆ ಗಾಂಜಾ ಪಡ್ಡೆ ಹುಡುಗರದ್ದು, ಬಂಗಿ ಭೂತಪ್ಪನದ್ದು. ಅವರ ತಲೆಯಲ್ಲಿ ಎರಡೂ ಯಾವತ್ತೂ ಒಂದೇ ಡಬ್ಬಿಯಲ್ಲಿ ಇರಲಿಲ್ಲ.

ಇದಕ್ಕೆ ಕಟ್ಟಳೆಗಳಿವೆ. ಗಿಡ ಹೂ ಬಿಡುವ ಮೊದಲೇ ಎಲೆ ಕಿತ್ತು ನೆರಳಲ್ಲಿ ಒಣಗಿಸಬೇಕು, ಹೂ ಬಿಟ್ಟದ್ದು ಭೂತಪ್ಪನಿಗೆ ಸಲ್ಲುವುದಿಲ್ಲ. ಇನ್ನೊಂದು, ಭೂತಪ್ಪನ ಹೆಸರು ಹೇಳಿ ಯಾರಾದರೂ ಬಂಗಿ ಕೇಳಿಕೊಂಡು ಬಂದರೆ ಇಲ್ಲ ಅನ್ನಬಾರದು, ಕಾಸು ಮುಟ್ಟಬಾರದು. ಈಗ ಯಾರೂ ಆ ಗಿಡ ಬೆಳೆಯುವುದಿಲ್ಲ, ಪೊಲೀಸರ ಹೆದರಿಕೆ. ಯಮುನಕ್ಕನ ಅಣ್ಣ ಬಾಳೆಹೊನ್ನೂರಿನ ಕಡೆಯವನು, ಸಾಯುವ ಮುಂಚೆ ಎಲ್ಲಿಂದಲೋ ತಂದು ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕೊಟ್ಟು ಹೋಗಿದ್ದ. ಅದು ಅಟ್ಟದ ಮೇಲಿತ್ತು. ಅಕ್ಕಪಕ್ಕದ ಮನೆಗಳ ಭೂತಗಳಿಗೂ ವರ್ಷ ವರ್ಷ ಅದರಿಂದಲೇ ಒಂದೊಂದು ಚಿಟಿಕೆ ಹೋಗುತ್ತಿತ್ತು.

ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ, ಒಬ್ಬ ಅವಳ ಅಂಗಳಕ್ಕೆ ಬೈಕಿನಲ್ಲಿ ಬಂದ. ಮಾಮೂಲಿ ಅಂಗಿ, ಹೆಗಲ ಮೇಲೆ ಬೈರಾಸು.

“ನಮ್ಮನೆ ಭೂತಪ್ಪಂಗೆ ಒಂದು ಚಿಟಿಕೆ ಬಂಗಿ ಬೇಕಿತ್ತಮ್ಮ. ನಿಮ್ಮನೇಲಿ ಸಿಗ್ತದೆ ಅಂದ್ರು.”

“ಕೂತ್ಕಳಿ ಮಾರಾಯ್ರೆ, ತರ್ತೀನಿ,” ಅಂದಳು ಯಮುನಕ್ಕ.

ಕೈಕಾಲು ತೊಳೆದು, ಏಣಿ ಹತ್ತಿ, ಡಬ್ಬಿ ಇಳಿಸಿ, ಮುಚ್ಚಳ ತೆಗೆದು ಅವನ ಮುಂದೆ ಇಟ್ಟಳು. ಎಷ್ಟು ಬೇಕೋ ಅಷ್ಟು ತಗೊಳ್ಳಿ ಅಂದಳು. ದೂರದಿಂದ ಬಂದವರು ಅಂತ ಕಾಫಿ ಮಾಡಿಕೊಟ್ಟಳು. ಅವನು ಕಾಫಿ ಪೂರ್ತಿ ಕುಡಿದ. ಲೋಟ ಕೆಳಗಿಟ್ಟು ಫೋನು ಮಾಡಿದ. ತಿರುವಿನಲ್ಲಿ ನಿಂತಿದ್ದ ಪೊಲೀಸ್ ಜೀಪು ಅಂಗಳಕ್ಕೆ ಬಂತು. ಆ ತಿಂಗಳು ಮೇಲಿನಿಂದ ಗಾಂಜಾ ಹಿಡಿಯಿರಿ ಅಂತ ಹುಕುಂ ಬಂದಿತ್ತು, ಕಾಲೇಜು ಹುಡುಗರನ್ನು ಹಿಡಿದರೆ ಅಪ್ಪಂದಿರ ಫೋನು ಬರುತ್ತದೆ. ಭೂತಪ್ಪನಿಗೆ ಫೋನಿಲ್ಲ.

ಡಬ್ಬಿ ತೂಗಲು ತಕ್ಕಡಿ ಬೇಕಾಯಿತು. ಹತ್ತಿರದಲ್ಲಿ ಇದ್ದದ್ದು ಶಾಲೆಯ ತಕ್ಕಡಿ, ಯಮುನಕ್ಕ ದಿನಾ ತೊಗರಿಬೇಳೆ ತೂಗುತ್ತಿದ್ದದ್ದು. ಹೆಡ್ ಟೀಚರು ಸುಬ್ಬಲಕ್ಷ್ಮಿ ಅದನ್ನು ಕೊಟ್ಟು ಕಳಿಸಿದರು. ಪಂಚನಾಮೆಗೆ ಸಾಕ್ಷಿ ಬೇಕಾಯಿತು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ದೇವರಾಜ ಪಕ್ಕದ ಮನೆಯವನೇ, ಅವನನ್ನು ಕರೆದರು. ಹಿಂದಿನ ವರ್ಷ ಅದೇ ಡಬ್ಬಿಯಿಂದ ತನ್ನ ಭೂತಕ್ಕೆ ಸೊಪ್ಪು ಕೊಂಡುಹೋಗಿದ್ದವನು ಅವನು. ಡಬ್ಬಿ ನೋಡಿದ, ಯಮುನಕ್ಕನನ್ನು ನೋಡಿದ, ಸೈನು ಹಾಕಿದ.

ಡಬ್ಬಿಯಲ್ಲಿದ್ದದ್ದು ಒಂದೆರಡು ಹಿಡಿ. ಕಾನೂನಿನ ಲೆಕ್ಕದಲ್ಲಿ ಅದು ಸಣ್ಣ ಪ್ರಮಾಣ, ಅಲ್ಲೇ ಜಾಮೀನು ಸಿಗುತ್ತದೆ. ಸಂಜೆಗೆ ಮನೆಗೆ ಬಂದಳು. ಅಷ್ಟರಲ್ಲಿ ಊರಿನ ಮೊಬೈಲುಗಳಲ್ಲಿ ಸುದ್ದಿ ಓಡಾಡುತ್ತಿತ್ತು: ಬಿಸಿಯೂಟದ ಅಡುಗೆಯವಳ ಮನೆಯಲ್ಲಿ ಗಾಂಜಾ. ಮಾರನೆಯ ದಿನ ತಾಯಂದಿರಿಗೆ ಒಬ್ಬೊಬ್ಬರಿಗೇ ನೆನಪು ಬರತೊಡಗಿತು. ನಮ್ಮ ಮಗು ಮಧ್ಯಾಹ್ನ ಊಟ ಆದ ಮೇಲೆ ತೂಕಡಿಸುತ್ತಿತ್ತು, ಆ ಹುಳಿಯಲ್ಲಿ ಏನು ಹಾಕುತ್ತಿದ್ದಳೋ. ಊಟ ಆದ ಮೇಲೆ ತೂಕಡಿಸದ ಮಗುವನ್ನು ನಾನು ಈ ಭೂಮಿಯ ಮೇಲೆ ನೋಡಿಲ್ಲ. ಆದರೆ ಹೇಳುವುದು ಯಾರಿಗೆ?

“ಕೇಸು ಮುಗಿಯೋ ತನಕ ಬರ್ಬೇಡಿ ಯಮುನಮ್ಮ,” ಅಂದರು ಸುಬ್ಬಲಕ್ಷ್ಮಿ ಟೀಚರು. “ಶಿಕ್ಷೆ ಆಗದೆ ಮುಗಿದ್ರೆ ಬನ್ನಿ, ನಿಮ್ಮ ಜಾಗ ನಿಮಗೇ.”

ಆ ಮಾತನ್ನು ಹಿಡಿದುಕೊಂಡು ಯಮುನಕ್ಕ ನಮ್ಮ ಆಫೀಸಿಗೆ ಬಂದಳು. ಬೆಂಚಿನ ತುದಿಯಲ್ಲಿ ಕೂತು, ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಮೊದಲಿನಿಂದ ಎಲ್ಲ ಹೇಳಿದಳು. ಭೂತಪ್ಪ, ಅಣ್ಣ, ಡಬ್ಬಿ, ಕಾಫಿ ಕುಡಿದ ಪೊಲೀಸು. ಹೂ ಬಿಟ್ಟದ್ದು ಭೂತಪ್ಪನಿಗೆ ಆಗುವುದಿಲ್ಲ, ಅದಕ್ಕೆ ಬರೀ ಎಲೆ ಅಂತಲೂ ಹೇಳಿದಳು. ರಾಜೇಶ್ ವಕೀಲರು ಕೈ ಎತ್ತಿ ತಡೆದರು.

“ಆ ಪುರಾಣ ಎಲ್ಲ ಕೋರ್ಟಿಗೆ ಬೇಡ. ನಿಮಗೆ ಏನಾಗ್ಬೇಕು, ಅಷ್ಟು ಹೇಳಿ.”

“ಶಾಲೆಗೆ ಹೋಗ್ಬೇಕು ವಕೀಲ್ರೆ. ಜೂನಿಗೆ ಶಾಲೆ ಶುರುವಾಗೋ ಹೊತ್ತಿಗೆ ನಾ ಅಲ್ಲಿರ್ಬೇಕು.”

ನಮ್ಮ ವಕೀಲರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಚೆನ್ನಾಗಿತ್ತು, ಆಗ ಅವರಿಂದ ತಪ್ಪಿಸಿಕೊಳ್ಳಬಹುದಿತ್ತು. ಅವರಿಗೆ ಹೊಸದರ ಹುಚ್ಚು. ಆಗಷ್ಟೇ ಯಾವುದೋ ವಕೀಲರ ಶಿಬಿರಕ್ಕೆ ಹೋಗಿ ಬಂದಿದ್ದರು. ಅಲ್ಲಿ ಮಾದಕ ವಸ್ತುಗಳ ಕಾನೂನಿನ ಅರವತ್ತನಾಲ್ಕು ಎ ಅನ್ನುವ ಕಲಮನ್ನು ಕಲಿತುಕೊಂಡು ಬಂದಿದ್ದರು. ಸಣ್ಣ ಪ್ರಮಾಣದಲ್ಲಿ ಸಿಕ್ಕಿಬಿದ್ದವನು ತಾನು ವ್ಯಸನಿ ಎಂದು ಒಪ್ಪಿ, ತಾನಾಗಿಯೇ ಚಿಕಿತ್ಸೆಗೆ ಹೋಗಿ, ಅದನ್ನು ಮುಗಿಸಿ ಬಂದರೆ ಅವನ ಮೇಲೆ ಕೇಸು ನಡೆಸುವ ಹಾಗಿಲ್ಲ. ಶಿಕ್ಷೆಯೂ ಇಲ್ಲ. ನಮ್ಮ ತಾಲ್ಲೂಕಿನಲ್ಲಿ ಯಾರೂ ಅದನ್ನು ಬಳಸಿರಲಿಲ್ಲ. ಅವರ ಕಣ್ಣು ಹೊಳೆದದ್ದನ್ನು ನಾನು ನೋಡಿದೆ.

“ತಪ್ಪು ಒಪ್ಕೊಂಡು ದಂಡ ಕಟ್ಟಿದ್ರೆ ಶಿಕ್ಷೆ ಆದ ಹಾಗೇ, ಶಾಲೆ ಬಾಗ್ಲು ಮುಚ್ತು. ಹೋರಾಡಿದ್ರೆ ವರ್ಷಗಟ್ಟಲೆ. ಇದಾದ್ರೆ ಜೂನಿಗೆ ಮೊದ್ಲೇ ಮುಗೀತದೆ. ನೀರು ಕುಡಿದ ಹಾಗೆ.”

“ನಾ ಒಂದು ದಿನ ಸೇದಿದವಳಲ್ಲ ವಕೀಲ್ರೆ. ವ್ಯಸನಿ ಅಂದ್ರೆ ಅದೇ ಅಲ್ದ, ಸೇದೋರು?”

“ಕಾಗದದ ಮೇಲೆ ಯಮುನಮ್ಮ. ಬರೀ ಕಾಗದದ ಮೇಲೆ.”

ಅವಳು ನನ್ನ ಕಡೆ ನೋಡಿದಳು. ನನಗೆ ಆ ಕಲಮು ಗೊತ್ತಿರಲಿಲ್ಲ, ಅದರ ತಲೆಬುಡವೂ ಗೊತ್ತಿರಲಿಲ್ಲ. ಜೂನ್ ಅನ್ನುವ ಒಂದು ಶಬ್ದ ಅವಳನ್ನು ಗೆದ್ದಿತು. ಬರುವ ಜೂನಿಗೆ ನಿಶ್ಚಿತಾ ನಾಲ್ಕನೇ ಕ್ಲಾಸು ಅಂತ ಏನೋ ಗೊಣಗಿಕೊಂಡು ಹೆಬ್ಬೆಟ್ಟಲ್ಲ, ಚೆಂದವಾಗಿ ದುಂಡಗೆ ಸೈನು ಹಾಕಿದಳು.

ಆಮೇಲೆ ಪಾಠ ಶುರುವಾಯಿತು. ಡಾಕ್ಟರು ಕೇಳಿದರೆ ಏನು ಹೇಳಬೇಕು ಅಂತ ವಕೀಲರೇ ಕೂತು ಹೇಳಿಕೊಟ್ಟರು. ಗಂಡ ಸತ್ತ ದುಃಖಕ್ಕೆ ಶುರುಮಾಡಿದೆ. ಸಂಜೆಯಾದರೆ ಮನಸ್ಸು ಎಳೆಯುತ್ತದೆ. ಬಿಡಬೇಕು ಅಂದರೂ ಆಗುವುದಿಲ್ಲ. ಯಮುನಕ್ಕ ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದಳು. ಗಂಡನ ಹೆಸರು ಬಂದಲ್ಲಿ ಪ್ರತಿಸಲ ನಿಲ್ಲುತ್ತಿದ್ದಳು.

“ಅವ್ರ ಹೆಸರು ಇದ್ರಲ್ಲಿ ಬೇಡ,” ಅಂದಳು. “ಬೇರೆ ಎಂತಾದ್ರೂ ಹೇಳ್ತೀನಿ.”

“ಕಾರಣ ಬೇಕಲ್ಲ ಯಮುನಮ್ಮ. ಕಾರಣ ಇಲ್ದೆ ಯಾರೂ ಸೇದಲ್ಲ.”

ಕಾರಣವೇ ಇಲ್ಲದೆ ಒಬ್ಬಳು ಸೇದದೆಯೂ ಇರಬಹುದು ಅನ್ನುವುದು ಆ ಆಫೀಸಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಸರ್ಕಾರದ ಮಾನ್ಯತೆ ಇದ್ದ ವ್ಯಸನಮುಕ್ತಿ ಕೇಂದ್ರ ಹತ್ತಿರದಲ್ಲಿ ಇರಲಿಲ್ಲ. ದೂರದ ಒಂದು ಊರಿನಲ್ಲಿ ಸಿಕ್ಕಿತು. ಅದರ ಹೆಸರು ಹೇಳಿ ಈಗ ಪ್ರಯೋಜನವಿಲ್ಲ. ಬಸ್ಸು ಬದಲಿಸಿ ಬದಲಿಸಿ ಅವಳನ್ನು ಬಿಟ್ಟು ಬಂದವನು ನಾನು. ಹೆಂಗಸರ ಕಡೆ ಎರಡೇ ಮಂಚ, ಇನ್ನೊಂದು ಖಾಲಿ. ಗೇಟಿನ ಆಚೆ ಗಂಡಸರು, ಬಹಳಷ್ಟು ಕುಡುಕರು. ನನ್ನ ಕೈಯಲ್ಲಿ ಒಂದು ಪೊಟ್ಟಣ ಕೊಟ್ಟಳು, ಮನೆಯಲ್ಲಿ ಮಾಡಿದ ಹುಳಿಪುಡಿ. “ಟೀಚರಿಗೆ ಕೊಡಿ ಸತ್ತಾರಣ್ಣ, ನಾ ಬರೋ ತನಕ ಮಕ್ಕಳಿಗೆ ಇದ್ರಲ್ಲೇ ಮಾಡ್ಲಿ.” ತಲುಪಿಸಿದೆ. ಟೀಚರು ಅದನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಮೇಲಿಟ್ಟರು. ನಾನು ಶಾಲೆಯ ಗೇಟು ದಾಟುವ ಮೊದಲೇ ಆಯಾ ಅದನ್ನು ತಿಪ್ಪೆಗೆ ಸುರಿದಳು.

ಕೇಂದ್ರದಲ್ಲಿ ಆದದ್ದನ್ನು ಯಮುನಕ್ಕ ಆಮೇಲೆ ನನಗೆ ಹೇಳಿದ್ದು. ಹೇಳಿದ್ದು ಒಂದೇ ಸಲ.

ಹೋದ ಮೊದಲ ದಿನ ಆಪ್ತಸಮಾಲೋಚಕಿ ಅನ್ನುವ ಒಬ್ಬ ಹುಡುಗಿ, ಒಳ್ಳೆಯ ಮಾತಿನವಳು, ‘ಅಮ್ಮ, ಇಲ್ಲಿ ನೀವು ನಿಜ ಹೇಳಬಹುದು’ ಅಂದಳು. ಯಮುನಕ್ಕ ನಂಬಿದಳು. ಅವಳ ಕಷ್ಟವೇ ಅದು, ಅಂಗಳಕ್ಕೆ ಬಂದವರನ್ನೂ ನಂಬುತ್ತಾಳೆ. ನಿಜ ಹೇಳಿದಳು. ನಾನು ಯಾವತ್ತೂ ಮುಟ್ಟಿದವಳಲ್ಲ ಮಗಾ, ಭೂತಪ್ಪನಿಗೆ ಇಟ್ಟದ್ದು, ಶಾಲೆಗೆ ಹೋಗಬೇಕು ಅಂತ ಹೀಗೆ ಬರೆಸಿಕೊಟ್ಟದ್ದು. ಹುಡುಗಿ ತಲೆ ಆಡಿಸಿ ಎಲ್ಲ ಕೇಳಿಸಿಕೊಂಡಳು. ಒಪ್ಪಿಕೊಳ್ಳದೆ ಇರುವುದೇ ಈ ಕಾಯಿಲೆಯ ದೊಡ್ಡ ಲಕ್ಷಣ ಅಂದಳು. ಹೆಚ್ಚು ದಿನ ಬೇಕಾಗುತ್ತದೆ ಅಂದಳು. ಮಾತ್ರೆ ಒಂದಿದ್ದದ್ದು ಎರಡಾಯಿತು.

ಬೆಳಿಗ್ಗೆ ಎಲ್ಲರೂ ವೃತ್ತವಾಗಿ ಕೂತು ಒಬ್ಬೊಬ್ಬರೇ ಎದ್ದು ಹೇಳಬೇಕು. ನನ್ನ ಹೆಸರು ಇಂಥದ್ದು, ನಾನು ವ್ಯಸನಿ. ಯಮುನಕ್ಕನ ಸರದಿ ಬಂದಾಗ ಹೆಸರು ಹೇಳಿ ನಿಲ್ಲುತ್ತಿದ್ದಳು. ಮುಂದಿನದು ಬಾಯಿಂದ ಹೊರಡುತ್ತಿರಲಿಲ್ಲ. ಹೇಳುವ ತನಕ ಉಳಿದವರು ತಿಂಡಿಗೆ ಏಳುವ ಹಾಗಿಲ್ಲ. ಅವಳಿಂದಾಗಿ ಗಂಡಸರು ಹಸಿದುಕೊಂಡು ಕೂತಿರುತ್ತಿದ್ದರು, ಹಿಂದಿನಿಂದ ಬೈಯುತ್ತಿದ್ದರು. ಹಸಿದವರ ಮುಂದೆ ನಿಲ್ಲುವುದು ಅವಳಿಂದ ಆಗದ ಕೆಲಸ. ಮೂರೋ ನಾಲ್ಕೋ ದಿನ ಆದ ಮೇಲೆ ಹೇಳಿಬಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರಂತೆ.

ಅಡುಗೆಮನೆಗೆ ಹೋಗುತ್ತೇನೆ, ಕೈ ಸುಮ್ಮನೆ ಇರುವುದಿಲ್ಲ, ಬರೀ ತರಕಾರಿ ಹೆಚ್ಚಿಕೊಡುತ್ತೇನೆ ಅಂತ ಕೇಳಿಕೊಂಡಳು. ರೋಗಿಗಳ ಕೈಗೆ ಚಾಕು ಕೊಡುವುದಿಲ್ಲ ಅಂದರು. ಆವತ್ತು ಅತ್ತಳಂತೆ. ಅದನ್ನೂ ಬರೆದುಕೊಂಡರು.

ಆಮೇಲೆ ಅವಳು ದಾರಿ ಕಂಡುಕೊಂಡಳು. ಸುಳ್ಳು ಹೇಳತೊಡಗಿದಳು. ವಕೀಲರು ಕಲಿಸಿದ್ದಕ್ಕಿಂತ ಚೆನ್ನಾಗಿ ಹೇಳಿದಳು. ಸಂಜೆ ಹೊಗೆಯ ನೆನಪಾಗುತ್ತದೆ, ಇವತ್ತು ಸ್ವಲ್ಪ ಕಡಿಮೆ, ನಿನ್ನೆ ಕನಸು ಬಿತ್ತು. ವಾಸಪ್ಪನ ಹೆಸರನ್ನೂ ತಂದಳು. ಹುಡುಗಿಗೆ ಖುಷಿಯೋ ಖುಷಿ. ಬಹಳ ಸುಧಾರಿಸಿದ್ದಾರೆ ಅಂತ ಬರೆದು ಕಳಿಸಿದರು. ಕರೆದುಕೊಂಡು ಬರಲು ಹೋದಾಗ ನನಗೆ ಗುರುತು ಸಿಗಲಿಲ್ಲ. ಮುಖ ಬಾತುಕೊಂಡಿತ್ತು, ನಾಲಗೆ ಒಣಗಿ ಮಾತು ತಡವರಿಸುತ್ತಿತ್ತು, ಕೈ ಎರಡೂ ನಡುಗುತ್ತಿದ್ದವು. ಮಾತ್ರೆಯಿಂದ ಹೀಗಾಗುತ್ತದೆ, ಕ್ರಮೇಣ ಹೋಗುತ್ತದೆ ಅಂದರು ಅಲ್ಲಿಯವರು. ಬಸ್ಸಿನಲ್ಲಿ ಟಿಕೆಟ್ಟು ಹಿಡಿಯಲು ಅವಳಿಗೆ ಆಗಲಿಲ್ಲ.

ಕೊಪ್ಪದ ಕೋರ್ಟಿನಲ್ಲಿ ಆರ್ಡರ್ ಆಯಿತು. ಆರೋಪಿ ತಾನು ವ್ಯಸನಿ ಎಂದು ಒಪ್ಪಿ ಚಿಕಿತ್ಸೆ ಪೂರ್ಣಗೊಳಿಸಿದ್ದರಿಂದ ಕೇಸು ಮುಂದುವರಿಸುವಂತಿಲ್ಲ. ನಮ್ಮ ವಕೀಲರು ಹೊರಗೆ ಬಂದು ಫೋಟೊಕ್ಕೆ ನಿಂತರು. ಯಮುನಕ್ಕನನ್ನೂ ನಿಲ್ಲಿಸಿಕೊಂಡರು. ಮುಖ ಕಾಣದ ಹಾಗೆ ಹಾಕುತ್ತೇವೆ ಅಂದಿದ್ದರು ಪೇಪರಿನವರು, ಹಾಗೇ ಹಾಕಿದರು. ಆದರೆ ಅವಳ ಹಸಿರು ಸೀರೆ ನೇರಲಮಕ್ಕಿಗೆಲ್ಲ ಗೊತ್ತಿತ್ತು.

ಜೂನ್ ಬಂತು. ಶಾಲೆ ಶುರುವಾದ ದಿನ ಯಮುನಕ್ಕ ಬೆಳಿಗ್ಗೆಯೇ ಹೋಗಿ ಒಲೆ ಒರೆಸಿದಳಂತೆ. ಶಿಕ್ಷೆ ಆಗಿಲ್ಲ ಅನ್ನುವ ಕಾಗದ ಟೀಚರ ಮೇಜಿನ ಮೇಲೆ ಇಟ್ಟಳು. ಟೀಚರು ಓದಿದರು. ಮಾತು ಕೊಟ್ಟಿದ್ದರಲ್ಲ, ಸರಿ ಅಂದರು. ಆ ಕಾಗದದ ಪ್ರತಿ ಕೊಡಲು ನಾನೂ ಆವತ್ತು ಹೋಗಿದ್ದೆ, ಹಾಗಾಗಿ ಮುಂದಿನದನ್ನು ಕಣ್ಣಾರೆ ಕಂಡೆ.

ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದವು. ಯಮುನಕ್ಕ ಹುಳಿಯ ಬಕೆಟ್ಟು ಹಿಡಿದು ಬಂದಳು. ಸೌಟು ನಡುಗುತ್ತಿತ್ತು. ಇನ್ನೊಂದು ಕೈಯಿಂದ ಹಿಡಿದುಕೊಳ್ಳಲು ನೋಡಿದಳು, ಆ ಕೈಯೂ ನಡುಗುತ್ತಿತ್ತು. ಹುಳಿ ಅನ್ನದ ಮೇಲೆ ಬೀಳುವುದು ಬಿಟ್ಟು ನೆಲಕ್ಕೆ ಬಿತ್ತು. ಜಗಲಿಯಲ್ಲಿ ನಿಂತಿದ್ದ ದೇವರಾಜ ಪಕ್ಕದವನಿಗೆ ಕೇಳುವ ಹಾಗೆ ಹೇಳಿದ, “ನೋಡು, ಇಷ್ಟು ದಿನ ಸೇದಿದ್ದು ಎಲ್ಲಿಗೆ ಹೋಗ್ತದೆ ಮಾರಾಯ.” ಯಮುನಕ್ಕ ಕೇಳಿಸಿಕೊಳ್ಳದವಳ ಹಾಗೆ ಮುಂದೆ ಹೋದಳು. ನಿಶ್ಚಿತಾಳ ಹತ್ತಿರ ಬಂದು ಬಗ್ಗಿದಳು.

“ಸೊಪ್ಪು ಕಡೆದು ಹಾಕಿದೀನಿ ಕೂಸೆ, ಕಾಣಲ್ಲ,” ಅಂದಳು.

ಹುಡುಗಿ ತಟ್ಟೆಯ ಮೇಲೆ ಎರಡೂ ಅಂಗೈ ಮುಚ್ಚಿಕೊಂಡಿತು. “ಅಮ್ಮ ಬೇಡ ಅಂದಿದಾಳೆ,” ಅಂತು. ಪಕ್ಕದ ಮಗುವೂ ಮುಚ್ಚಿಕೊಂಡಿತು. ಅದರ ಪಕ್ಕದ್ದೂ.

ಮಕ್ಕಳನ್ನು ಬೈಯಬಾರದು, ನನಗೆ ಗೊತ್ತು. ಆ ಹೊತ್ತು ನನಗೆ ಅವುಗಳ ಮೇಲೂ ಸಿಟ್ಟು ಬಂತು. ಯಮುನಕ್ಕ ಬಕೆಟ್ಟನ್ನು ಅಲ್ಲೇ ಇಟ್ಟು ಸುತ್ತ ನೋಡಿದಳು, ಯಾರಾದರೂ ಒಬ್ಬರು ಏನಾದರೂ ಹೇಳಲಿ ಅನ್ನುವ ಹಾಗೆ. ಟೀಚರು ಹಾಜರಿ ಪುಸ್ತಕ ತಿರುವಿ ಹಾಕುತ್ತಿದ್ದರು. ಮಾರನೆಯ ದಿನ ಸಮಿತಿ ಸೇರಿತು. ಶಿಕ್ಷೆ ಆಗಿಲ್ಲ ನಿಜ, ಆದರೆ ವ್ಯಸನಿ ಅಂತ ಅವಳೇ ಒಪ್ಪಿದ್ದಾಳಲ್ಲ, ಕೋರ್ಟಿನ ಕಾಗದದಲ್ಲೇ ಇದೆಯಲ್ಲ, ಅಂಥವಳ ಕೈಯಲ್ಲಿ ಮಕ್ಕಳ ಅನ್ನ ಹೇಗೆ ಕೊಡುವುದು ಅಂದ ದೇವರಾಜ. ಯಾರೂ ಎದುರಾಡಲಿಲ್ಲ. ಶಿಕ್ಷೆ ತಪ್ಪಿಸಿಕೊಟ್ಟ ಕಾಗದವೇ ಅವಳನ್ನು ಹೊರಗೆ ಹಾಕಿತು.

ಇಲ್ಲಿಗೆ ಮುಗಿದಿದ್ದರೆ ನಾನೂ ಹಣೆಬರಹ ಅಂತ ಸುಮ್ಮನಾಗುತ್ತಿದ್ದೆ.

ಮಳೆಗಾಲದಲ್ಲಿ ನಮ್ಮ ಆಫೀಸಿಗೆ ಇನ್ನೊಂದು ಕೇಸು ಬಂತು. ಬಾಳೆಹೊನ್ನೂರು ಕಡೆಯ ಕಾಫಿ ಎಸ್ಟೇಟಿನವರ ಮಗ, ಈಶಾನ. ಶೃಂಗೇರಿ ದಾರಿಯಲ್ಲಿ ಕಾರು ತಡೆದಾಗ ಸೀಟಿನ ಕೆಳಗೆ ಒಂದು ಚೀಲ ಸಿಕ್ಕಿತ್ತು. ಯಮುನಕ್ಕನ ಡಬ್ಬಿಯಲ್ಲಿದ್ದದ್ದರ ಹಲವು ಪಟ್ಟು. ಅವನ ಅಪ್ಪ ಮಂಗಳೂರಿನಿಂದ ಒಬ್ಬರು ಹಿರಿಯ ವಕೀಲರನ್ನು ಕರೆಸಿದರು, ಸ್ಥಳೀಯರು ಅಂತ ನಮ್ಮ ವಕೀಲರನ್ನು ಜೊತೆಗೆ ಹಾಕಿಕೊಂಡರು. ನಮ್ಮವರು ಹುಮ್ಮಸ್ಸಿನಿಂದ ಅರವತ್ತನಾಲ್ಕು ಎ ಬಗ್ಗೆ ಹೇಳತೊಡಗಿದರು. ಹಿರಿಯರು ನಕ್ಕುಬಿಟ್ಟರು.

“ನಮ್ಮ ಹುಡುಗನ್ನ ವ್ಯಸನಿ ಅಂತ ಬರೆಸಿದ್ರೆ ನಾಳೆ ಹೆಣ್ಣು ಕೊಡೋರು ಯಾರ್ರೀ? ಮೊದ್ಲು ಚೀಲದಲ್ಲಿ ಏನಿತ್ತು ಹೇಳಿ. ಹೂವಿನ ತೆನೆ ಇತ್ತಾ, ಬರೀ ಎಲೆಯಾ?”

“ಎಲೆ ಅಂತಿದೆ ಸರ್.”

“ಮತ್ತೆ ಗಾಂಜಾ ಎಲ್ಲಿ ಬಂತು? ಕಾನೂನಿನಲ್ಲಿ ಗಾಂಜಾ ಅಂದ್ರೆ ಹೂವಿನ ತೆನೆ. ತೆನೆ ಇಲ್ಲದ ಬರೀ ಎಲೆ ಗಾಂಜಾ ಅಲ್ಲ. ಕೇಸೇ ನಿಲ್ಲಲ್ಲ.”

ನಾನು ಚಹದ ಲೋಟ ಎತ್ತುತ್ತಿದ್ದವನು ಹಾಗೇ ನಿಂತೆ. ಹೂ ಬಿಟ್ಟದ್ದು ಭೂತಪ್ಪನಿಗೆ ಸಲ್ಲುವುದಿಲ್ಲ. ಬರೀ ಎಲೆ. ಅದೇ ಬೆಂಚಿನ ಮೇಲೆ ಕೂತು ಅವಳು ಹೇಳಿದ್ದಳು, ಪುರಾಣ ಬೇಡ ಅಂದಿದ್ದರು. ನಮ್ಮ ವಕೀಲರು ನನ್ನ ಕಡೆ ನೋಡಲಿಲ್ಲ.

ನರಸಿಂಹರಾಜಪುರದ ಕೋರ್ಟಿನಲ್ಲಿ ಈಶಾನನ ಕೇಸು ಬಿದ್ದುಹೋಯಿತು. ಪ್ರಯೋಗಾಲಯದವರೂ ಬರೀ ಎಲೆ ಅಂತಲೇ ಹೇಳಿದ್ದರು. ಹುಡುಗ ಕೂಲಿಂಗ್ ಗ್ಲಾಸು ಏರಿಸಿಕೊಂಡು ಮನೆಗೆ ಹೋದ. ಎಸ್ಟೇಟಿನಿಂದ ನಮ್ಮ ಆಫೀಸಿಗೆ ಡಬ್ಬಿಗಟ್ಟಲೆ ಜಿಲೇಬಿ ಬಂತು. ಆ ವಾರವೇ ಯಮುನಕ್ಕ ಬಂದಳು. ಊರಲ್ಲಿ ಯಾರೋ ಹೇಳಿದ್ದರಂತೆ, ಎಲೆ ಆದರೆ ಕೇಸಿಲ್ಲವಂತೆ ಅಂತ.

“ನಂದೂ ಎಲೆನೇ ಅಲ್ದ ವಕೀಲ್ರೆ?”

ವಕೀಲರು ಜಿಲೇಬಿಯ ಡಬ್ಬಿಯನ್ನು ಅವಳ ಕಡೆ ಸರಿಸಿದರು. “ನಿಮಗೆ ಬೇಗ ಮುಗೀಬೇಕಿತ್ತು ಯಮುನಮ್ಮ. ಬೇಗ ಮುಗಿಸಿಕೊಟ್ಟೆ. ಲ್ಯಾಬಿನದ್ದು ಬರೋ ತನಕ ಕಾದಿದ್ರೆ ಜೂನ್ ದಾಟಿರೋದು.”

ಆಗ ಆಗಸ್ಟ್ ತಿಂಗಳು, ಅವಳು ಶಾಲೆಯ ಹೊರಗೇ ಇದ್ದಳು.

“ಆಯ್ತು, ಹೋದದ್ದು ಹೋಯ್ತು,” ಅಂದಳು ಅವಳು. “ಈಗ ಕೋರ್ಟಿಗೆ ಹೇಳಿ. ಇವಳು ವ್ಯಸನಿ ಅಲ್ಲ, ಯಾವತ್ತೂ ಆಗಿರ್ಲಿಲ್ಲ ಅಂತ ಒಂದು ಸಾಲು ಬರೆಸಿಕೊಡಿ. ಅಷ್ಟು ಸಾಕು. ಟೀಚರಿಗೆ ತೋರಿಸ್ತೀನಿ.”

“ಹಾಗೆ ಹೇಳೋಕೆ ಬರಲ್ಲ. ವ್ಯಸನಿ ಅಂತ ಪ್ರಮಾಣ ಮಾಡಿ ಬರೆದುಕೊಟ್ಟವರು ನೀವು. ಈಗ ಅಲ್ಲ ಅಂದ್ರೆ ಕೋರ್ಟಿಗೆ ಸುಳ್ಳು ಹೇಳಿದ ಹಾಗೆ. ಕೊಟ್ಟ ರಕ್ಷಣೆ ವಾಪಸ್ ತಗೋಬಹುದು, ಸುಳ್ಳು ಹೇಳಿದ್ದಕ್ಕೆ ಬೇರೆ ಕೇಸು ಆಗ್ಬಹುದು.”

“ಅಂದ್ರೆ ನಾ ಎಲ್ಲಿ ತನಕ ಹಾಗೇ ಇರ್ಬೇಕು?”

“ಸುಮ್ನಿದ್ದುಬಿಡಿ ಯಮುನಮ್ಮ. ಜನ ಮರೀತಾರೆ.”

ನಾನು ಆವತ್ತು ಬಾಯಿ ಬಿಟ್ಟೆ. “ಸರ್, ಇವ್ರು ಮೊದಲ ದಿನವೇ ಹೇಳಿದ್ರು ಎಲೆ ಅಂತ.” ವಕೀಲರು ನನ್ನನ್ನು ಹೊರಗೆ ಹೋಗಿ ಚಹ ತರಲು ಹೇಳಿದರು. ತರಲಿಲ್ಲ. ಹೊರಗೆ ನಿಂತುಕೊಂಡೆ. ಯಮುನಕ್ಕ ಬಂದು, ಜಿಲೇಬಿ ತಿನ್ನದೆ ಬಂದವಳು, “ಬೈಬೇಡಿ ಸತ್ತಾರಣ್ಣ, ಅವರಿಗೂ ಗೊತ್ತಿರ್ಲಿಲ್ಲ ಪಾಪ” ಅಂದಳು. ಆ ಪಾಪ ಅನ್ನುವ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು.

ಕೇಸು ಮುಗಿದರೆ ವಶಪಡಿಸಿಕೊಂಡ ಸಾಮಾನು ವಾಪಸ್ ಕೇಳಬಹುದು. ಸೊಪ್ಪು ಸುಟ್ಟುಹಾಕಿದ್ದರು. ಡಬ್ಬಿ ಮಾತ್ರ ಉಳಿದಿತ್ತು. ಅವಳ ಅಣ್ಣ ಕೊಟ್ಟು ಹೋದ ಡಬ್ಬಿ ಅದು. ಅರ್ಜಿ ಹಾಕಿ ಬಿಡಿಸಿಕೊಂಡೆ. ದೀಪಾವಳಿ ಕಳೆದ ವಾರ ಹರಿಹರಪುರದ ಬಸ್ಸು ಹಿಡಿದು ನೇರಲಮಕ್ಕಿಗೆ ಹೋಗಿ ಕೊಟ್ಟೆ. ಯಮುನಕ್ಕ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಳು, ಯಾರದೋ ಮನೆಯದ್ದು, ಕೂಲಿಗೆ. ಕೈ ನಡುಕ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಬೆರಳಿಗೆಲ್ಲ ಬಟ್ಟೆಯ ಪಟ್ಟಿ. ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದಳು. ಪೊಲೀಸರ ಅರಗಿನ ವಾಸನೆ ಬಿಟ್ಟು ಏನೂ ಇರಲಿಲ್ಲ.

ಈ ವರ್ಷ ಭೂತಪ್ಪನಿಗೆ ಕೊಟ್ಟಾಯಿತೇ ಅಂತ ಕೇಳಿದೆ. ಕೋಳಿ ಕೊಟ್ಟೆ, ಹೆಂಡ ಕೊಟ್ಟೆ, ಹೊಗೆ ಇಲ್ಲ, ಕೈ ಮುಗಿದು ಬಂದೆ ಅಂದಳು.

ಅಷ್ಟರಲ್ಲಿ ಬೇಲಿಯ ಆಚೆಯಿಂದ ದೇವರಾಜ ಬಂದ. ನನ್ನನ್ನು ಕಂಡು ಸ್ವಲ್ಪ ಹಿಂಜರಿದ. ಆಮೇಲೆ ಡಬ್ಬಿ ಅವನ ಕಣ್ಣಿಗೆ ಬಿತ್ತು, ಮುಖ ಅರಳಿತು. ಚಪ್ಪಲಿ ಬಿಟ್ಟು ಜಗಲಿಯ ಕೆಳಗೆ ನಿಂತ, ಭೂತಪ್ಪನ ಹೆಸರು ಹೇಳುವಾಗ ಹಾಗೇ ನಿಲ್ಲಬೇಕು.

“ಯಮುನಕ್ಕ, ಭೂತಪ್ಪಂಗೆ ಒಂದು ಚಿಟಿಕೆ ಬೇಕಿತ್ತು. ಎಲ್ಲೂ ಸಿಗ್ತಿಲ್ಲ ಮಾರಾಯ್ತಿ. ಹೋದ ವರ್ಷವೂ ತಪ್ಪಿದೆ, ಮನೇಲಿ ಒಂದಲ್ಲ ಒಂದು ಆಗ್ತಿದೆ. ಹೆಂಡತಿಗೆ ಹೆದರಿಕೆ. ಎಲ್ಲಾದ್ರೂ ಒಂಚೂರು ಇಟ್ಟಿರ್ತೀರಿ ಅಂತ ಬಂದೆ.”

ನನ್ನ ನಾಲಗೆಯ ತುದಿಗೆ ಹತ್ತು ಮಾತು ಬಂದವು, ಒಂದೂ ಮರ್ಯಾದೆಯದ್ದಲ್ಲ. ಆದರೆ ಅವನು ಕೇಳಿದ್ದು ನನ್ನನ್ನಲ್ಲ. ಯಮುನಕ್ಕ ಅಡಿಕೆ ಸುಲಿಯುವುದನ್ನು ನಿಲ್ಲಿಸಿದಳು. ಬೈಯಲಿಲ್ಲ. ಶಾಲೆಯ ಮಾತು ತೆಗೆಯಲಿಲ್ಲ. ಭೂತಪ್ಪನ ಹೆಸರು ಹೇಳಿ ಕೇಳಿದವರಿಗೆ ಇಲ್ಲ ಅನ್ನಬಾರದು. ಅವಳು ಆ ಖಾಲಿ ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ಎದ್ದು ನಿಂತಳು, ವೃತ್ತದಲ್ಲಿ ತನ್ನ ಸರದಿ ಬಂದವಳ ಹಾಗೆ ಕೈ ಎರಡನ್ನೂ ಮುಂದೆ ಕಟ್ಟಿಕೊಂಡು.

“ಬಿಟ್ಟಿದ್ದೀನಿ ದೇವರಾಜಣ್ಣ,” ಅಂದಳು. “ಈಗ ನಾ ಅದನ್ನ ಮುಟ್ಟೋದಿಲ್ಲ.”